ಖಾಲಿ ಬಂದೂಕು ಗಡಿ ದಾಟಿದ್ದು

ಬಂದೂಕಿದ್ದ ಮನಿಗೆ ಕಳ್ಳರು ಬರೂದಿಲ್ಲ ಅಂತಾರ. ಖರೆ ಅದ, ನಮ್ಮ ಮನಿಗೆ ಒಮ್ಮೆನೂ ಬರಲಿಲ್ಲ. ಆದ್ರ ಕಳ್ಳರನ್ನ ಬಿಟ್ಟು ಉಳಿದ ಮಂದಿ ಎಲ್ಲಾ ಬಂದ್ರು. ಹಂದಿ ಹೊಡೀರಿ ಅಂತ ಬಂದ್ರು, ಮದುವ್ಯಾಗ ಗುಂಡು ಹಾರಸ್ರಿ ಅಂತ ಬಂದ್ರು, ಕೂಸು ಊಟ ಮಾಡವಲ್ದು, ಒಂಚೂರು ತೋರಿಸಿ ಹೆದರಸ್ರಿ ಅಂತ ತಾಟು ಹಿಡಕೊಂಡು ಬಂದ್ರು. ನಮ್ಮ ಮನ್ಯಾಗ ಬಂದೂಕು ಮಾತಾಡಿದ್ದು ಕಡಿಮಿ, ಬಂದೂಕಿನ ಸಲುವಾಗಿ ನಾವು ಮಾತಾಡಿದ್ದೇ ಬಹಳ. ಎಲ್ಲಾ ಹೇಳ್ಕೋತ ಕುಂತ್ರ ರೊಟ್ಟಿ ಹೊತ್ತತಾವ. ಅದಕ್ಕ ಊರು ಬಿಟ್ಟು ಮಹಾರಾಷ್ಟ್ರಕ್ಕ ಹೊಂಟಾಗ ಆಗಿದ್ದು ಅಷ್ಟೇ ಹೇಳ್ತೇನಿ. ಕಲಬುರಗಿಗೆ ಎಲ್ಲಾರೂ ಇನ್ನೂ ಗುಲಬರ್ಗಾ ಅಂತಿದ್ದ ಕಾಲ ಅದು.

ನೌಕರಿ ಸಿಕ್ಕಿದ್ದು ಯಾರಿಗೆ

ಆ ಬಂದೂಕು ನಮ್ಮ ಮಾವನ ಕಾಲದ್ದು. ಎರಡು ನಳಿಗಿ, ನಡುವ ಮುರಿದ್ರ ಬಾಯಿ ಬಿಡೂದು. ಜ್ವಾಳದ ಹೊಲಕ್ಕ ಹಂದಿ ಬೀಳ್ತಾವಂತ ಸರ್ಕಾರದ ಲೈಸನ್ಸು ಮಾಡಿಸಿ ತಂದಿದ್ರಂತ. ಮಾವ ಹೋದ ಮ್ಯಾಲ ಅಣ್ಣತಮ್ಮರು ಪಾಲು ಮಾಡ್ಕೊಂಡ್ರು. ಹಿರಿಯರಿಗೆ ಹೊಲ ಹೋತು, ನಮ್ಮ ಮನಿಯವರಿಗೆ ಬಂದೂಕು ಬಂತು. ಹಂದಿ ಯಾರ ಪಾಲಿಗೂ ಬರಲಿಲ್ಲ.

ಆ ಬಂದೂಕು ಹೆಗಲಿಗೆ ಹಾಕ್ಕೊಂಡು ಇವರು ಜೇವರ್ಗಿಯೊಳಗ ಒಂದು ಹತ್ತಿ ಗಿರಣಿ ಕಾಯಾಕತ್ತಿದ್ರು. ಲೈಸನ್ಸಿನ ಬಂದೂಕು ಇದ್ದವರಿಗೆ ಆಗ ಕಾವಲಿನ ಕೆಲಸ ಹುಡುಕೊಂಡು ಬರ್ತಿತ್ತು. ಒಂದಿನ ಆ ಗಿರಣಿ ಮುಚ್ಚಿತು. ಆರು ತಿಂಗಳು ಇವರು ಮನ್ಯಾಗ ಕುಂತು ಬಂದೂಕಿಗೆ ಎಣ್ಣಿ ಹಚ್ಚಿದ್ರು. ಬಂದೂಕು ಮಿಂಚಾಕತ್ತು, ನಮ್ಮ ಮಾರಿ ಕಳೆಗುಂದಾಕತ್ತಿದ್ವು.

ಆಗ ನಮ್ಮ ಬೀಗರೊಬ್ಬರು ಪರಭಣಿ ಕಡೆ ಇನ್ನೊಂದು ಗಿರಣ್ಯಾಗ ಮಾತಾಡಿ ಬಂದ್ರು. ಅಲ್ಲಿ ಮ್ಯಾನೇಜರು ಇವರ ವಯಸ್ಸು ಕೇಳಲಿಲ್ಲಂತ, ಕಣ್ಣು ಕಾಣ್ತಾವೋ ಇಲ್ಲೋ ಕೇಳಲಿಲ್ಲಂತ. ಬಂದೂಕಿಗೆ ಎಷ್ಟು ನಳಿಗಿ, ಲೈಸನ್ಸ್ ಅದನೋ ಇಲ್ಲೋ, ಇಷ್ಟ ಕೇಳಿ, "ಸೋಮವಾರ ಮುಂಜಾನೆ ಬಂದೂಕು ನಮ್ಮ ಗೇಟಿನ್ಯಾಗ ಇರಬೇಕು. ಬರದಿದ್ರ ಇನ್ನೊಂದು ಬಂದೂಕು ನೋಡ್ತೀವಿ" ಅಂದ್ರಂತ.

ನಮ್ಮ ಅತ್ತಿ ಕೇಳ್ಕೋತ ಕುಂತಿದ್ಲು. "ಮತ್ತ ನನ್ನ ಮಗ?" ಅಂದ್ಲು.

"ಬಂದೂಕು ತಾನೇ ನಡಕೊಂತ ಬರೂದಿಲ್ಲಲ್ರಿ ಅವ್ವಾರ, ಹೊತ್ತು ತರಾಕ ಒಬ್ಬರು ಬೇಕಲ್ಲ," ಅಂದ್ರು ಬೀಗರು. "ಅವನೂ ಬರ್ಲಿ."

ಸಾಹೇಬರ ಕಾಯಿದೆ, ಅತ್ತಿ ಕಾಯಿದೆ

ನಮ್ಮ ಲೈಸನ್ಸು ಕರ್ನಾಟಕದ ಮಟ್ಟಿಗೆ ಅಷ್ಟೇ ಇತ್ತು. ಗಡಿ ದಾಟಬೇಕಂದ್ರ ಗುಲಬರ್ಗಾದ ದೊಡ್ಡ ಕಚೇರಿಯೊಳಗ ಬ್ಯಾರೆ ಅಪ್ಪಣಿ ಬೇಕು. ಇವರು ಎಡತಾಕಿ ಎಡತಾಕಿ ಅಪ್ಪಣಿ ತಂದ್ರು. ಅದರ ಸಂಗಡ ಅಲ್ಲಿ ಗುಮಾಸ್ತ ಹೇಳಿದ ಕಾಯಿದೆನೂ ತಂದ್ರು. ಬಂದೂಕು ಖಾಲಿ ಇರಬೇಕು. ಚೀಲದಾಗ ಇರಬೇಕು. ತೋಟಾ, ಅಂದ್ರ ಗುಂಡು, ಬ್ಯಾರೆ ಡಬ್ಬ್ಯಾಗ, ಕೀಲಿ ಹಾಕಿ ಇರಬೇಕು. ಲೈಸನ್ಸ್ ಇದ್ದವನ ಕೈ ಬಿಟ್ಟು ಇನ್ನೊಬ್ಬರ ಕೈಗೆ ಹೋಗಬಾರದು. ಇದರಾಗ ಒಂದು ತಪ್ಪಿದ್ರೂ ಬಂದೂಕು ಜಪ್ತಿ, ಇವರು ಒಳಗ, ನೌಕರಿ ಇನ್ನೊಂದು ಬಂದೂಕಿಗೆ.

ಆ ವಾರ ಪೂರ್ತಿ ಇವರಿಗೆ ಇದೇ ಧ್ಯಾನ. ಊಟಕ್ಕ ಕುಂತು ರೊಟ್ಟಿ ಮ್ಯಾಲ ಕೈ ಇಟ್ಟು ನನ್ನ ಕೇಳೋರು, "ಬಂದೂಕು ಹೆಂಗಿರಬೇಕು?"

"ಖಾಲಿ ಇರಬೇಕ್ರಿ."

"ಯಾರ ಕೈಯಾಗ?"

"ನಿಮ್ಮ ಕೈಯಾಗ್ರಿ."

ಅಷ್ಟು ಹೇಳಿದ ಮ್ಯಾಲ ರೊಟ್ಟಿ ಮುರಿಯೋರು. ನನಗ ಅಕ್ಷರ ಬರೂದಿಲ್ಲ, ಆದ್ರ ಆ ಕಾಯಿದೆ ಇವತ್ತಿಗೂ ಬಾಯಿಪಾಠ ಅದ.

ಹೊಂಡೂದು ನಾಳೆ ಅಂದಾಗ ಇವರು ಸಂಜಿಕಿ ಬಂದೂಕು ಮುರಿದು, ನಳಿಗಿ ತಿಕ್ಕಿ ಒರಸಿ, ಒಂದು ಕಣ್ಣು ಮುಚ್ಚಿ ಆ ಕಡಿ ಬೆಳಕು ನೋಡಿದ್ರು. ನನಗೂ ತೋರಿಸಿದ್ರು. ಎರಡೂ ನಳಿಗ್ಯಾಗ ಹುಣ್ಣಿವಿ ಚಂದ್ರ ಕಂಡಂಗ ಕಾಣ್ತಿತ್ತು. ಚೀಲದಾಗ ಹಾಕಿ ಮೂಲ್ಯಾಗ ನಿಂದರಿಸಿ, "ಇನ್ನ ಯಾರೂ ಮುಟ್ಟಬ್ಯಾಡ್ರಿ" ಅಂತ ಹೇಳಿ, ಲಾರಿಯವನ್ನ ನೋಡಾಕ ಹೋದ್ರು.

ನಮ್ಮ ಅತ್ತಿದು ಇನ್ನೊಂದು ಕಾಯಿದೆ ಇತ್ತು. ಅದು ಸರ್ಕಾರಕಿಂತ ಹಳೇದು. ಮನಿ ಬಿಟ್ಟು ಮನಿಗೆ ಹೋಗೂ ಹೊತ್ನ್ಯಾಗ ಒಂದು ಸಾಮಾನೂ ಖಾಲಿ ಹೊಸ್ತಲ ದಾಟಬಾರದು. ಖಾಲಿ ಹೋದದ್ದು ಹೋದಲ್ಲೂ ಖಾಲಿನೇ ಉಳೀತದ ಅಂತ ಅಕಿ ಅತ್ತಿ ಅಕಿಗೆ ಹೇಳಿದ್ಲಂತ. ಮೊರದಾಗ ಜ್ವಾಳ ಹಿಡಕೊಂಡು ಮನಿ ತುಂಬ ತಿರಗಿದ್ಲು. ಕೊಡಕ್ಕ ಒಂದು ಹಿಡಿ, ಬಿಂದಿಗಿಗೆ ಒಂದು ಹಿಡಿ, ಚಾದ ಕೇಟಲಿಗೆ ಒಂದು ಹಿಡಿ. ಕಂದೀಲಿನ ಗಾಜಿಗೂ ಹಾಕಿದ್ಲು, ಇವರ ಬೂಟಿಗೂ ಹಾಕಿದ್ಲು.

ನಾ ನಕ್ಕೋತ ಅಂದೆ, "ಅತ್ತೀ, ಎಲ್ಲಾ ತುಂಬಿದ್ರಿ, ನನ್ನ ತೆಲಿ ಒಂದ ಖಾಲಿ ಬಿಟ್ರಲ್ರಿ?"

ಅತ್ತಿ ನನ್ನ ತೆಲಿ ಒಮ್ಮೆ ನೋಡಿ, ಮೊರ ಕೆಳಗ ಇಟ್ಲು. "ತೂತು ಇದ್ದುದಕ್ಕ ಹಾಕಬಾರದು ಬೇ. ಕಾಳು ಹಾಳು."

ತೊಗರಿ ಹೊಲ

ಶನಿವಾರ ಮುಂಜಾನೆ ಲಾರಿ ಹತ್ತಿದ್ವಿ. ಡ್ರೈವರಗ ಅಫಜಲಪುರದಾಗ ಸ್ವಲ್ಪ ಮಾಲು ಇಳಿಸೂದಿತ್ತು. ಅದಕ್ಕ ಮೊದಲು ಅಲ್ಲಿಗೆ ಹೋಗಿ, ತಿರುಗಿ ಚೌಡಾಪುರಕ್ಕ ಬಂದು, ಅಲ್ಲಿಂದ ಆಳಂದ, ಆಳಂದದಿಂದ ಗಡಿ, ಹಿಂಗ ನಮ್ಮ ದಾರಿ. ಮುಂದ ಡ್ರೈವರ, ಅವನ ಬಾಜೂಕ ಅತ್ತಿ, ನಾನು, ಬಾಗಲ ಕಡೆ ಇವರು. ಇವರ ಮೊಳಕಾಲ ನಡುವ ಬಂದೂಕು.

ಡ್ರೈವರ ರಸ್ತೆಕಿಂತ ಹೆಚ್ಚು ಬಂದೂಕು ನೋಡಾಕತ್ತಿದ್ದ. ತೆಗ್ಗು ಬಂದಾಗೊಮ್ಮೆ, "ಕಾಕಾ, ಅದು ಖಾಲಿ ಅದಲ್ರಿ?"

"ಖಾಲಿ ಅದೋ ತಮ್ಮಾ."

"ಮತ್ತ ಒಳಗ ಸಪ್ಪಳ ಬರಾಕತ್ತದಲ್ರಿ?"

"ಅದು ನಮ್ಮವ್ವನ ಜ್ವಾಳ, ಕೇಟಲ್ಯಾಗಿಂದು. ನೀ ರಸ್ತೆ ನೋಡು."

ಅತ್ತಿ ಮುಂದಿನ ಗಾಜಿನ್ಯಾಗ ಹೊರಗ ನೋಡಾಕತ್ತಿದ್ಲು.

ಅಫಜಲಪುರದ ಹೊರಗ ಮಾಲು ಇಳಿಸೂ ಹೊತ್ತಿಗೆ ಇವರಿಗೆ ಹೊಟ್ಟಿ ಕೈಕೊಟ್ಟಿತು. ಹೆದರಿಕಿ ಮೊದಲು ಹೊಟ್ಟಿಗೇ ಬರ್ತದಲ್ಲ. ಚಂಬು ತಗೊಂಡ್ರು, ಬಂದೂಕು ನೋಡಿದ್ರು, ಅಲ್ಲೇ ನಿಂತ್ರು.

"ಕೊಡ್ರಿ ನಾ ಹಿಡ್ಕೋತೇನಿ, ಜಲ್ದಿ ಹೋಗಿ ಬರ್ರಿ," ಅಂದೆ.

"ಲೈಸನ್ಸ್ ನಿನ್ನ ಹೆಸರಿಲೆ ಅದ ಏನು?"

"ಅಯ್ಯ, ಇಷ್ಟಕ್ಕ ಯಾರು ನೋಡ್ತಾರ್ರಿ?"

"ನೋಡೋರು ಇಂಥಾ ಹೊತ್ನ್ಯಾಗೇ ಬರ್ತಾರ," ಅಂದು, ಒಂದು ಕೈಯಾಗ ಚಂಬು, ಇನ್ನೊಂದು ಕೈಯಾಗ ಬಂದೂಕು ಹಿಡಕೊಂಡು ತೊಗರಿ ಹೊಲದ ಕಡೆ ಹೊಂಟ್ರು. ಅವಸರದಾಗ ಓಡಿದಂಗೇ ಹೊಂಟ್ರು. ಚೀಲದಾಗಿದ್ರೇನು, ಬಂದೂಕಿನ ಆಕಾರ ಯಾವ ಚೀಲ ಮುಚ್ಚತದ?

ತೊಗರಿ ಆಳೆತ್ತರ ಬೆಳೆದಿತ್ತು. ಒಳಗ ಊರ ಗಂಡಸ್ರು ಅದೇ ಕೆಲಸಕ್ಕ ಕುಂತಿದ್ದು ನಮಗೇನು ಗೊತ್ತು? ಒಬ್ಬ ಕತ್ತೆತ್ತಿ ನೋಡಿದ. "ಬಂದೂಕ್ಲೇ!" ಅಂತ ಒದರಿದ. ಹೊಲ ಅಲುಗ್ಯಾಡಿತು. ಆ ಮೂಲಿಂದೊಬ್ಬ ಎದ್ದ, ಈ ಮೂಲಿಂದೊಬ್ಬ ಎದ್ದ, ನಡುವಿಂದ ಮೂರು ಮಂದಿ ಎದ್ರು. ಧೋತರ ಕೈಯಾಗ ಹಿಡಕೊಂಡು ಊರ ಕಡೆ ಓಡಿದ್ರು. ಚಂಬು ಎಲ್ಲಾ ಹೊಲದಾಗೇ ಉಳದ್ವು. ನಾನೂ ಅತ್ತಿನೂ ಲಾರಿಯೊಳಗ ಮಾರಿ ಮುಚ್ಕೊಂಡು ಕುಂತ್ವಿ. ಊರು ಮಂದಿ ಬಡಿಗಿ ತಗೊಂಡು ಬಂದ್ರ? ಠಾಣಾಕ್ಕ ಸುದ್ದಿ ಹೋದ್ರ? ಇನ್ನೂ ಜಿಲ್ಲಾ ದಾಟಿಲ್ಲ, ಸೋಮವಾರ ಇಲ್ಲೇ ಮುಳಗತದ ಅನಿಸಿತು.

ಬಂದ, ಒಬ್ಬ ರುಮಾಲ ಸುತ್ತಿದ ಮುದುಕ ಬಡಿಗಿ ಹಿಡಕೊಂಡು ಬಂದ. ಹೊಲ ಅವನದಂತ. ಇವರು ಹೊಲದಿಂದ ಹೊರಗ ಬಂದು ಚಂಬು ಕೆಳಗಿಟ್ಟು, "ತಪ್ಪಾತ್ರಿ ಯಜಮಾನ್ರ" ಅಂತ ಕೈ ಮುಗಿಯಾಕ ಹೋದ್ರು. ಬಂದೂಕು ಹಿಡಕೊಂಡು ಕೈ ಮುಗಿಯಾಕ ಆಗೂದಿಲ್ಲ, ಅದು ಮುದುಕನ ಎದಿ ಕಡೆನೇ ತಿರಗಿತು.

ಮುದುಕ ಹಿಂದ ಸರೀಲಿಲ್ಲ. ಮುಂದ ಬಂದು ಇವರ ಭುಜ ತಟ್ಟಿದ.

"ಹತ್ತು ವರ್ಷ ಆತು, ನನ್ನ ಹೊಲದಾಗ ಕೂಡಬ್ಯಾಡ್ರಲೇ ಅಂತ ಬಾಯಿ ಬಡ್ಕೊಂಡೇನಿ, ಒಬ್ಬ ಮಗ ಕೇಳಿರಲಿಲ್ಲ," ಅಂದ. "ನಾಳೆ ಮುಂಜಾನೆನೂ ಬರ್ತೀರೇನ್ರಿ?"

ಚೌಡಾಪುರದ ಮೆರವಣಿಗಿ

ಚೌಡಾಪುರದಾಗ ರಸ್ತೆ ತುಂಬ ಒಂದು ಮದುವಿ ಮೆರವಣಿಗಿ ಬಂತು. ಬ್ಯಾಂಡು, ಕುದುರಿ, ಹಲಗಿ. ಲಾರಿ ನಿಂತಿತು. ನಿಂತ ಲಾರಿಯೊಳಗ ಇಣುಕಿ ನೋಡಾಕ ಮಂದಿಗೆ ಯಾರು ಹೇಳಿಕೊಡಬೇಕು? ಒಬ್ಬಾಂವ ಚೀಲ ನೋಡಿದ, ಹೋಗಿ ಮದುಮಗಳ ಕಾಕಾಗ ಹೇಳಿದ. ಕಾಕಾ ಜರಿ ರುಮಾಲ, ದಪ್ಪ ಮೀಸಿ.

"ನಮಸ್ಕಾರ್ರಿ. ದೇವರು ಕಳಿಸಿದಂಗ ಬಂದೀರಿ. ಬೀಗರ ಮುಂದ ಎರಡು ಹಾರಸ್ರಿ, ನಮ್ಮ ಮಾನ ಉಳೀತದ."

"ಆಗೂದಿಲ್ರಿ. ಕಾಯಿದೆ ಇಲ್ಲ."

"ಮದುವ್ಯಾಗ ಕಾಯಿದೆ ಯಾರು ಕೇಳ್ತಾರ್ರಿ? ಮೋಡಕ್ಕ ಹಾರಿಸೂದು. ಮೋಡ ಹೋಗಿ ಫಿರ್ಯಾದಿ ಕೊಡತದೇನು?"

ಇವರು ಬಂದೂಕು ಎದಿಗೆ ಅವಚಿಕೊಂಡ್ರು. ಕಾಕಾನ ಮಾರಿ ಕೆಂಪಾತು. ಬೀಗರು ನೋಡಾಕತ್ತಿದ್ರು, ಬ್ಯಾಂಡಿನವರು ನಿಲ್ಲಿಸಿದ್ರು. ಇಷ್ಟು ಮಂದಿಯೊಳಗ ಇಲ್ಲ ಅನಿಸಿಕೊಂಡು ಹೆಂಗ ತಿರುಗ್ಯಾನು? "ನೀವು ಹಾರಸದಿದ್ರ ಬ್ಯಾಡ ಬಿಡ್ರಿ, ನಮ್ಮ ಹುಡುಗರು ಹಾರಸ್ತಾರ, ಕೊಡ್ರಿ ಇಲ್ಲಿ" ಅಂದ. ಇಬ್ಬರು ಗಟ್ಟಿಮುಟ್ಟ ಗಂಡಸ್ರು ಫೂಟ್‌ಬೋರ್ಡ್ ಹತ್ತಿದ್ರು. ಒಬ್ಬ ಚೀಲದ ಪಟ್ಟಿಗೆ ಕೈ ಹಾಕಿದ. ಇವರು ಎಳದ್ರು, ಅವ ಎಳದ. ಡ್ರೈವರ ಸೀಟಿನ ಕೆಳಗ ಹೊಕ್ಕಿದ್ದ. ಬಂದೂಕು ಇನ್ನೊಬ್ಬರ ಕೈಗೆ ಹೋದ್ರ ಮುಗೀತು.

ಆಗ ಅತ್ತಿ ಕೂತಲ್ಲಿಂದನೇ ಅಂದ್ಲು, ಜೋರಾಗೇನೂ ಅಲ್ಲ. "ಮುಟ್ರಿ, ಮುಟ್ರಿ. ಆದ್ರ ಹೇಳಲಿಲ್ಲ ಅನಬ್ಯಾಡ್ರಿ. ಬಂದೂಕಿಗೆ ಸೂತಕ ಅದ."

ಪಟ್ಟಿ ಹಿಡಿದವನ ಕೈ ಕೆಂಡ ಮುಟ್ಟಿದಂಗ ಹಿಂದ ಹೋತು. ಇಬ್ಬರೂ ಫೂಟ್‌ಬೋರ್ಡ್ ಮ್ಯಾಲಿಂದ ಜಿಗದ್ರು. ಮದುಮಗನ ಕುದುರಿ ಹಿಡಿದಾಂವ ಕುದುರಿನ್ನೇ ದೂರ ಎಳದ. "ಮೊದಲ ಹೇಳಬಾರದೇನ್ರಿ? ಮದುವಿ ಮನಿಯವರು ನಾವು!" ಅಂತ ಕಾಕಾ ತಾನೇ ಮುಂದ ನಿಂತು, "ಸರೀರಿ, ಸರೀರಿ, ಲಾರಿಗೆ ದಾರಿ ಬಿಡ್ರಿ" ಅಂತ ಒದರಿದ.

ಊರು ದಾಟಿದ ಮ್ಯಾಲ ಇವರಿಗೆ ಉಸರು ಬಂತು. ಆದ್ರ ಸಮಾಧಾನ ಇಲ್ಲ. "ಅವ್ವಾ, ಸುಳ್ಳು ಹೇಳಿದೆಲ್ಲ? ನಾವು ಶರಣರ ಮಾರ್ಗದಾಗ ನಡಿಯೋರು. ಲಿಂಗ ಕಟ್ಟಿದವರಿಗೆ ಸೂತಕ ಎಲ್ಲಿ ಅದ?"

"ಲಿಂಗ ಕಟ್ಟಿದವರಿಗೆ ಇಲ್ಲಪ್ಪಾ," ಅಂದ್ಲು ಅತ್ತಿ. "ನಿನ್ನ ಬಂದೂಕು ಯಾವಾಗ ಕಟ್ಟಿಕೊಂಡಿತ್ತು?"

ಬಸ್ಸಿನ ಮ್ಯಾಲ

ಆಳಂದ ಇನ್ನೇನು ಬಂತು ಅನ್ನೂದರಾಗ ಲಾರಿ ಕೆಳಗ ಏನೋ ಮುರೀತು. ಡ್ರೈವರ ಹೊಕ್ಕು ನೋಡಿ ಬಂದು, "ಎಕ್ಸೆಲ್ ಹೋಗ್ಯದ ಕಾಕಾ, ಎರಡು ದಿನ ಬೇಕು. ನೀವು ಬಸ್ಸಿಗೆ ಹೋಗ್ರಿ, ಸಾಮಾನು ನಾ ಹಿಂದಿಂದ ತರ್ತೇನಿ" ಅಂದ. ಬಂದೂಕು ತನ್ನ ಲಾರಿ ಬಿಟ್ಟು ಇಳೀತದಂತ ಅವನ ಮಾರಿ ಮ್ಯಾಲ ಎಂಥಾ ಖುಷಿ! ಎಕ್ಸೆಲ್ ತಾನೇ ಮುರದಾನೋ ಏನೋ ಅಂತ ಅತ್ತಿಗೆ ಕಡೀತನಕ ಸಂಶಯ ಇತ್ತು.

ಆಳಂದದಾಗ ಪರಿಚಯದವರ ಮನ್ಯಾಗ ಉಳಿದು, ರವಿವಾರ ಮುಂಜಾನೆ ಗಡಿ ಕಡೆ ಹೋಗೂ ಬಸ್ಸಿಗೆ ಬಂದ್ವಿ. ಈ ಬಸ್ಸು ತಪ್ಪಿದ್ರ ಆ ಕಡಿ ಪರಭಣಿ ಬಸ್ಸು ಸಿಗೂದಿಲ್ಲ. ಅದು ಸಿಗದಿದ್ರ ಸೋಮವಾರ ಇಲ್ಲ. ಕಂಡಕ್ಟರ ಬಾಗಲಾಗ ಅಡ್ಡ ನಿಂತ.

"ಅದೇನು ಉದ್ದಂದು?"

"ಬಂದೂಕು."

ಬಸ್ಸಿನೊಳಗ ಗದ್ದಲ ನಿಂತಿತು.

"ಉದ್ದ ಸಾಮಾನು ಒಳಗ ನಡಿಯೂದಿಲ್ಲ. ಟಾಪಿನ ಮ್ಯಾಲ ಹಾಕ್ರಿ."

"ಅದು ನನ್ನ ಕೈ ಬಿಟ್ಟು ಇರಬಾರದು. ಕಾಯಿದೆ."

"ಟಾಪಿನ ಮ್ಯಾಲ ಇರಬೇಕು. ಇದೂ ಕಾಯಿದೆ."

ಇಬ್ಬರೂ ಕಾಯಿದೆ ಹೇಳಿದ್ರು, ಇಬ್ಬರದೂ ಖರೆ ಇತ್ತು. ಡ್ರೈವರ ಹಾರನ್ ಹೊಡಿಯಾಕತ್ತ. ಇವರು ನನ್ನ ಮಾರಿ ನೋಡಿದ್ರು, ಬಸ್ಸು ನೋಡಿದ್ರು, ಬಂದೂಕು ಹೆಗಲಿಗೆ ಹಾಕಿ ಹಿಂದಿನ ನಿಚ್ಚಣಿಕಿ ಹತ್ತಿದ್ರು. ಮ್ಯಾಲ ತೊಗರಿ ಚೀಲ, ಒಂದು ಕೋಳಿ ಬುಟ್ಟಿ. ನಡುವ ಇವರು, ಬಂದೂಕು ನೆಟ್ಟಗ ಹಿಡಕೊಂಡು, ರುಮಾಲ ಬಿಗಿದು.

ನಾವಿಬ್ಬರೂ ಒಳಗ ಮುಂದಿನ ಸೀಟಿನ್ಯಾಗ ಕುಂತ್ವಿ. ಮೊದಲನೇ ಊರಾಗ ಬಸ್ಸು ನಿಂತಾಗ ಕಟ್ಟಿ ಮ್ಯಾಲ ಕುಂತ ಮಂದಿ ಎದ್ದು ನಿಂತ್ರು. ಬಂದೂಕಿನ ಕಾವಲು ಇಟ್ಟುಕೊಂಡು ಬಂದಾರಂದ್ರ ಒಳಗ ಯಾರೋ ದೊಡ್ಡವರು ಇರಬೇಕಂತ. ಇಣುಕಿದ್ರು. ಮುಂದಿನ ಸೀಟಿನ್ಯಾಗ ಇಳಕಲ್ ಸೀರಿ ಉಟ್ಟು, ಹಣಿ ತುಂಬ ವಿಭೂತಿ ಹಚ್ಚಿ, ಕಿಡಕಿ ಮ್ಯಾಲ ಕೈ ಇಟ್ಟು ನಮ್ಮ ಅತ್ತಿ ಕುಂತಿದ್ಲು.

"ಅವ್ವಾರ, ನಮ್ಮ ಓಣ್ಯಾಗ ನೀರಿಲ್ರಿ," ಅಂದ ಒಬ್ಬ.

ನಾ ಅತ್ತಿ ಸೆರಗು ಎಳದೆ. ಅತ್ತಿ ಕೈ ಬಿಡಿಸಿಕೊಂಡ್ಲು. "ಎಷ್ಟು ದಿನದಿಂದ?"

"ಬ್ಯಾಸಿಗಿಂದ್ರಿ. ಒಂದು ಬೋರಿಂಗ ಹಾಕಿಸಿಕೊಟ್ರ..."

"ನೋಡೂಣಂತ."

ಮುಂದಿನ ಊರಾಗ ಸಾಲಿ ಛಾವಣಿ ಸೋರ್ತದ ಅಂದ್ರು. "ನೋಡೂಣಂತ" ಅಂದ್ಲು. ಅದರ ಮುಂದಿನ ಊರಾಗ ಯಾರೂ ಏನೂ ಕೇಳಲಿಲ್ಲ, ಸುಮ್ಮನ ನಮಸ್ಕಾರ ಮಾಡಿದ್ರು. ಅತ್ತಿಗೆ ಸಿಟ್ಟು ಬಂತು. ತಾನೇ ಕಿಡಕ್ಯಾಗ ತೆಲಿ ಹಾಕಿ, "ಯಾಕ್ರೋ, ನಿಮ್ಮೂರಾಗ ಎಲ್ಲಾ ಬರೋಬ್ಬರಿ ಅದ ಏನು?" ಅಂದ್ಲು.

ಮೂರು ವರ್ಷದ ಮ್ಯಾಲ ಅದೇ ದಾರೀಲೆ ಬಂದಾಗ ಆ ಮೊದಲನೇ ಊರಾಗ ಬೋರಿಂಗ ಬಂದಿತ್ತು. ಹೆಣ್ಮಕ್ಕಳು ಕೊಡ ತುಂಬಾಕತ್ತಿದ್ರು. ಅತ್ತಿ ನನ್ನ ತಿವಿದು ಅಂದ್ಲು, "ನೋಡಿದೇನು? ಹೇಳೋರು ಹೇಳಿದ್ರ ಆಗತದ."

ನಾಕಾ

ಈಗ ಗಡಿ ನಾಕಾಕ್ಕ ಬರೂಣು.

ರಸ್ತೆಗೆ ಅಡ್ಡ ಕಟ್ಟಿಗಿ ಹಾಕಿದ್ರು. ಆ ವಾರ ಎಲ್ಲೋ ದರೋಡಿ ಆಗಿತ್ತಂತ, ಬಂದ ಬಂದ ಗಾಡಿ ತಪಾಸ ಮಾಡಾಕತ್ತಿದ್ರು. ಬಸ್ಸಿನ ಮ್ಯಾಲ ಬಂದೂಕು ಹಿಡಕೊಂಡು ಕುಂತಾಂವನ್ನ ಕಂಡ ಕೂಡಲೆ ಪೊಲೀಸರು ಸುತ್ತ ನಿಂತ್ರು. "ಕೈ ಮ್ಯಾಲ ಮಾಡಿ ಇಳೀ!" ಅಂದ್ರು. ಕೈ ಮ್ಯಾಲ ಮಾಡಿದ್ರ ನಿಚ್ಚಣಿಕಿ ಹೆಂಗ ಇಳೀಬೇಕು? ಇವರು ಅರ್ಧ ಜಾರಿ ಅರ್ಧ ಬಿದ್ದು ಇಳದ್ರು. ಬಂದೂಕು ಮಾತ್ರ ಬಿಡಲಿಲ್ಲ.

ಅಲ್ಲಿ ಒಬ್ಬ ಹರೇದ ಫೌಜದಾರ ಇದ್ದ, ಮೈಸೂರು ಕಡೆಯವ, ಹೊಸದಾಗಿ ಬಂದಾಂವ. ಅವನ ಕೆಳಗ ಒಬ್ಬ ಹಿರೇ ಜಮಾದಾರ, ನಮ್ಮ ಆಳಂದ ಕಡೆಯವನೇ. ಲೈಸನ್ಸು ನೋಡಿದ್ರು, ಬರೋಬ್ಬರಿ ಇತ್ತು. ಅಪ್ಪಣಿ ನೋಡಿದ್ರು, ಬರೋಬ್ಬರಿ. ತೋಟಾದ ಡಬ್ಬಿ ನೋಡಿದ್ರು, ಕೀಲಿ ಹಾಕಿತ್ತು. ಇವರ ಮಾರಿಗೆ ರಕ್ತ ತಿರುಗಿ ಬರಾಕತ್ತು.

"ಬಂದೂಕು ಖಾಲಿ ಇದೆಯೇನ್ರೀ?" ಅಂತ ಫೌಜದಾರ ಕೇಳಿದ.

ಒಂದು ವಾರದಿಂದ ಇದೇ ಮಾತಿಗೆ ತಯಾರಾಗಿದ್ದ ಗಂಡಸು. ಎದಿ ಉಬ್ಬಿಸಿ ಅಂದ್ರು, "ಖಾಲಿ ಅದ ಸಾಹೇಬ್ರ. ನಾನೇ ಕಣ್ಣಲೇ ಬೆಳಕು ನೋಡೇನಿ. ಒಳಗ ಏನಾರ ಇದ್ರ ನನ್ನ ಇಲ್ಲೇ ಹಿಡಕೊಂಡು ಹೋಗ್ರಿ."

ಜಮಾದಾರ ಚೀಲ ಬಿಚ್ಚಿದ. ನಳಿಗಿ ಬಾಯಿ ನೋಡಿ ನಿಂತುಬಿಟ್ಟ. ಎರಡೂ ಬಾಯಿಗೆ ಅರಿಷಿಣದ ಅರಿವಿ ಬಿಗಿಯಾಗಿ ತುರುಕಿತ್ತು.

"ಇದೇನು?"

ಇವರು ನೋಡಿದ್ರು. "ಗೊತ್ತಿಲ್ರಿ," ಅಂದ್ರು.

ಜಮಾದಾರ ಬಂದೂಕು ಅಲುಗ್ಯಾಡಿಸಿದ. ಒಳಗ ಗರ್ ಗರ್ ಅಂತು.

"ಇದೇನು?"

"ಗೊತ್ತಿಲ್ರಿ."

"ಎಲ್ಲಾ ಹಿಂದೆ ಹೋಗಿ! ಬಸ್ಸು ಖಾಲಿ ಮಾಡಿಸಿ! ಮೇಲಿನ ಸಾಮಾನು ಇಳಿಸಿ!" ಅಂತ ಫೌಜದಾರ ಕೂಗಿದ. ಮಂದಿ ಇಳಿದು ಓಡಿದ್ರು. ಚೀಲ ಇಳದ್ವು, ಕೋಳಿ ಬುಟ್ಟಿ ಇಳೀತು. ನೌಕರಿ ಹೋತು, ಬಂದೂಕು ಹೋತು, ಇವರೂ ಹೋದ್ರು ಅಂತ ಅಲ್ಲೇ ಕುಂತುಬಿಟ್ಟೆ. ಅತ್ತಿ ಮಾತ್ರ ಎಲಿಗೆ ಸುಣ್ಣ ಹಚ್ಚಾಕತ್ತಿದ್ಲು.

"ನಿಧಾನ ತೆಗೆಯಿರಿ. ಬಾಯಿ ಆಕಾಶದ ಕಡೆ ಇರಲಿ," ಅಂದ ಫೌಜದಾರ.

ಇವರು ಬಂದೂಕು ಕೈಗೆ ತಗೊಂಡ್ರು. ಬಾಯಿ ಮ್ಯಾಲ ಮಾಡಿ ಬಂದೂಕು ನಡುವ ಮುರಿದ್ರು. ಸುರ್ರ್ ಅಂತ ಜ್ವಾಳ ಸುರೀತು. ಬಿಳಿ ಜ್ವಾಳ, ಜಮಾದಾರನ ಬೂಟಿನ ಮ್ಯಾಲ ಗುಂಪಾಗಿ ಬಿತ್ತು.

ಫೌಜದಾರ ಜ್ವಾಳ ನೋಡಿದ, ಇವರು ಜ್ವಾಳ ನೋಡಿದ್ರು. ಆಮ್ಯಾಲ ಇವರು ಮೆಲ್ಲಕ ತೆಲಿ ತಿರುಗಿಸಿ ಅವರವ್ವನ್ನ ನೋಡಿದ್ರು.

ಅಷ್ಟರಾಗ ಬುಟ್ಟಿಯಿಂದ ತಪ್ಪಿಸಿಕೊಂಡ ಒಂದು ಕೋಳಿ ಬಂದು ಜಮಾದಾರನ ಬೂಟಿನ ಮ್ಯಾಲಿನ ಕಾಳು ಕುಕ್ಕಾಕತ್ತು.

"ಹಿಡಿಯಿರಿ ಅದನ್ನ!" ಅಂದ ಫೌಜದಾರ. "ಕೇಸಿನ ಮುದ್ದೆಮಾಲು ತಿಂತಾ ಇದೆ!"

ಇಬ್ಬರು ಪೊಲೀಸರು ಕೋಳಿ ಹಿಂದ ಓಡಿದ್ರು. ಫೌಜದಾರ ಬೆವರು ಒರಸಿಕೊಂಡು ಕೇಳಿದ, "ಯಾರು ತುಂಬಿದ್ದು?"

"ನಾನು," ಅಂದ್ಲು ಅತ್ತಿ. "ಖಾಲಿ ಸಾಮಾನು ಹೊಸ್ತಲ ದಾಟಬಾರದಪ್ಪಾ. ನಿಮ್ಮವ್ವ ಹೇಳಿಲ್ಲೇನು?"

"ಲೈಸನ್ಸ್ ಇಲ್ಲದವರು ಬಂದೂಕು ಮುಟ್ಟಬಾರದು, ಗೊತ್ತಾ ಅಜ್ಜಿ?"

"ನಾ ಎಲ್ಲಿ ಮುಟ್ಟೇನಿ? ಮೂಲ್ಯಾಗ ನಿಂತಿತ್ತು, ಮ್ಯಾಲಿಂದ ಸುರುವೇನಿ. ನೀರು ಹಾಕಿದ್ರ ತುಳಸಿ ಮುಟ್ಟಿದಂಗ ಆಗತದೇನು?"

ಜಮಾದಾರ ಪೆನ್ನು ಹಿಡಕೊಂಡು ಕೇಳಿದ, "ಸಾಹೇಬ್ರ, ಏನಂತ ಬರೀಲಿರಿ? ತುಂಬಿದ ಬಂದೂಕು ಅಂತಲೋ, ಖಾಲಿ ಬಂದೂಕು ಅಂತಲೋ? ಜ್ವಾಳಕ್ಕ ಕಲಂ ಯಾವುದ್ರಿ?"

ಫೌಜದಾರ ಅವನ ಪೆನ್ನು ಮುಚ್ಚಿಸಿದ. ಆಮ್ಯಾಲ ಅಂದ, "ಏನೂ ಬರೀಬೇಡಿ. ನಳಿಗೆ ಪೂರ್ತಿ ಖಾಲಿ ಮಾಡಿಸಿ, ಕಳಿಸಿ."

ಇವರು ಅಂಗಿ ತುದಿಲೇ ನಳಿಗಿ ಒರಸಿದ್ರು. ಮತ್ತ ಹುಣ್ಣಿವಿ ಚಂದ್ರ ಕಂಡ. ಮಂದಿ ಬಸ್ಸು ಹತ್ತಿದ್ರು. ಅತ್ತಿ ಹತ್ತಲಿಲ್ಲ. ರಸ್ತೆ ನಡುವ ಕುಂತುಬಿಟ್ಲು.

"ಖಾಲಿ ಬಂದೂಕಿನ ಸಂಗಡ ನಾ ಗಡಿ ದಾಟೂದಿಲ್ಲ. ಹೊಟ್ಟಿಗೆ ಹಾಕೂ ಸಾಮಾನು ಅದು. ಅದು ಖಾಲಿ ಹೋದ್ರ ಹೊಟ್ಟಿ ಖಾಲಿ."

"ಅವ್ವಾ, ಸೋಮವಾರ!" ಅಂತ ಇವರು ಅಳೂದೊಂದು ಬಾಕಿ. ಕಂಡಕ್ಟರ ಕೈ ಮುಗದ. ಕೋಳಿ ಬುಟ್ಟಿಯವಳು ಬೈದ್ಲು. ಈ ಕಡಿ ಸರ್ಕಾರ ಖಾಲಿ ಇರಬೇಕು ಅಂತದ, ಆ ಕಡಿ ಅತ್ತಿ ಖಾಲಿ ಇರಬಾರದು ಅಂತಾಳ. ನಡುವ ನಮ್ಮ ಬಸ್ಸು.

ಜಮಾದಾರನೇ ಕಡೀಕ ಅತ್ತಿ ಮುಂದ ಕುಕ್ಕರಗಾಲಲೆ ಕುಂತ. "ಅವ್ವಾ, ಬಂದೂಕಿನ ಬದಲಿ ಬಂದೂಕಿನ ಮಾಲಕ ತುಂಬಿ ಹೋದ್ರ ನಡೀತದೇನು?"

ಅತ್ತಿ ವಿಚಾರ ಮಾಡಿದ್ಲು. ನೆಲದ ಮ್ಯಾಲಿನ ಜ್ವಾಳ ಬಳಿದು ಊದಿ, "ಆ ಮಾಡಲೇ" ಅಂತ ಮಗನ ಬಾಯಿ ತೆಗೆಸಿ, ಎರಡೂ ಗಲ್ಲ ಉಬ್ಬೂತನಕ ತುಂಬಿದ್ಲು. "ಆ ಕಡಿ ಕಟ್ಟಿಗಿ ದಾಟೂತನಕ ನುಂಗಬಾರದು, ಉಗುಳಬಾರದು."

ಪರಭಣಿ ಬಸ್ಸು ಸಿಕ್ಕಿತು, ಸೋಮವಾರ ಮುಂಜಾನೆ ಬಂದೂಕು ಗಿರಣಿ ಗೇಟಿನ್ಯಾಗ ಇತ್ತು, ಅದರ ಹಿಂದ ಇವರೂ ಇದ್ರು, ಹನ್ನೊಂದು ವರ್ಷ ಅಲ್ಲೇ ಉಂಡ್ವಿ. ಅದೆಲ್ಲಾ ಆಮ್ಯಾಲಿಂದು. ಅದಕ್ಕೂ ಮೊದಲು ಮಹಾರಾಷ್ಟ್ರದ ನಾಕಾ ಒಂದು ಇತ್ತಲ್ಲ.

ಅಲ್ಲಿ ಹವಾಲ್ದಾರ ಬಸ್ಸು ಹತ್ತಿದ. ಈಗ ಕಂಡಕ್ಟರ ತಾನೇ ಒಳಗ ಕುಂದರಿಸಿದ್ದ ಇವರ ಮುಂದ ನಿಂತು ಮರಾಠಿಯೊಳಗ ಹೆಸರು ಕೇಳಿದ. ಇವರು ಗಲ್ಲ ಉಬ್ಬಿಸಿ ನೋಡಿದ್ರು. ಎಲ್ಲಿಂದ ಬಂದಿ ಅಂದ. ಇವರು ಬೆರಳಲೇ ಹಿಂದ ತೋರಿಸಿದ್ರು. ಕಣ್ಣಾಗ ನೀರು ಬಂದಿತ್ತು. ಹವಾಲ್ದಾರನ ಹುಬ್ಬು ಗಂಟಾದ್ವು, ಕೈ ಲಾಠಿ ಮ್ಯಾಲ ಹೋತು. ಕಟ್ಟಿಗಿ ಇನ್ನೂ ಮುಂದ ಇತ್ತು.

"ಬಂದೂಕ ಖಾಲೀ ಆಹೆ ಕಾ?" ಅಂದ. ಬಂದೂಕು ಖಾಲಿ ಅದ ಏನು ಅಂತ.

ಅತ್ತಿಗೆ ಮರಾಠಿ ಬರ್ತಿರಲಿಲ್ಲ. ಆದ್ರ ಆ ಒಂದು ಮಾತು ಯಾವ ಭಾಷೆಯೊಳಗ ಕೇಳಿದ್ರೂ ಈಗ ತಿಳಿಯೂದು. ನನ್ನ ತೊಡಿ ದಾಟಿ ಮುಂದ ಬಾಗಿ ಅಂದ್ಲು, "ಬಂದೂಕು ಖಾಲಿ ಅದ ಬಾಬಾ. ತುಂಬಿದ್ದು ನನ್ನ ಮಗ."

ಹವಾಲ್ದಾರ ಇವರ ಗಲ್ಲ ನೋಡಿದ. ತುಟಿ ಸಂದಿಯಿಂದ ಒಂದು ಜ್ವಾಳದ ಕಾಳು ಇಣುಕಾಕತ್ತಿತ್ತು. ಅದನ್ನ ನೋಡಿದ, ಅತ್ತಿ ಮಾರಿ ನೋಡಿದ, ಲಾಠಿ ಬಗಲಾಗ ಇಟ್ಟುಕೊಂಡು ಇಳದ. ತಾನೇ ಹೋಗಿ ಕಟ್ಟಿಗಿ ಎತ್ತಿದ. ಬಸ್ಸು ದಾಟೂ ಹೊತ್ತಿಗೆ ಕಿಡಕಿ ಹತ್ರ ಬಂದು, ಇವರಿಗೆ ಅಷ್ಟೇ ಕೇಳೂವಂಗ ಮೆಲ್ಲಕ ಅಂದ, "ಜಾ ಭಾವೂ. ಆಮಚ್ಯಾ ಘರೀ ಪಣ ಆಯೀ ಆಹೆ."

ಹೋಗಪ್ಪಾ, ನಮ್ಮ ಮನ್ಯಾಗೂ ಅವ್ವ ಅದಾಳ.